ಓರೆಯಾಗಿ ಕಟ್ಟಿದ ಹಗ್ಗ

ಶಾಲೆಯ ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣಕ್ಕೆ ಮೀಸಲಾದ ಗಂಟೆ ಬಾರಿಸಿದೊಡನೆ ತರಗತಿಯೊಂದು ಮೂರು ಪಾಲಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಮೇಷ್ಟರ ಅಪ್ಪಣೆಗೂ ಕಾಯದೆ ಬಯಲಿಗೆ ಓಡುತ್ತಾರೆ. ಹೆಚ್ಚಿನವರು ಸಾಲಾಗಿ ಬಂದು ನಿಲ್ಲುತ್ತಾರೆ. ಇನ್ನು ಕೆಲವರಿಗೆ ಅಂದೇ, ಆ ಹೊತ್ತಿಗೇ ಹೊಟ್ಟೆನೋವು. ಅವರು ಮರದ ನೆರಳಿನಲ್ಲಿ ಉಳಿಯುತ್ತಾರೆ. ಈ ಕೊನೆಯ ಪಾಲಿನವರನ್ನು ಕುರಿತು ಮೇಷ್ಟರು ಹೇಳುವ ಮಾತು ಒಂದೇ: "ಇವರಿಗೆ ಉತ್ಸಾಹವೇ ಇಲ್ಲ." ಕಾರ್ಖಾನೆಯ ಮ್ಯಾನೇಜರಾಗಲಿ ಕಚೇರಿಯ ಮೇಲಧಿಕಾರಿಯಾಗಲಿ ತಮ್ಮ ಕೈಕೆಳಗಿನವರ ಕೆಲಸದಲ್ಲಿ ಕುಂದು ಕಂಡಾಗ ಹೇಳುವ ಮಾತೂ ಇದಕ್ಕಿಂತ ಬೇರೆಯಲ್ಲ: "ನಮ್ಮ ಜನಕ್ಕೆ ಶ್ರದ್ಧೆ ಸಾಲದು." ಈ ಎರಡು ಮಾತುಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವೆಂದು ನನ್ನ ಎಣಿಕೆ. ಅದನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಉತ್ಸಾಹವೆಂಬುದು ಮೈಬಣ್ಣದಂತೆ ಹುಟ್ಟಿನೊಡನೆ ಬಂದದ್ದು, ಒಬ್ಬನಲ್ಲಿ ಉಂಟು, ಇನ್ನೊಬ್ಬನಲ್ಲಿ ಇಲ್ಲ ಎಂದು ನಾವು ಬಗೆಯುತ್ತೇವೆ. ನಮ್ಮ ಆಲಂಕಾರಿಕರು ಇಷ್ಟು ಅವಸರಪಡಲಿಲ್ಲ. ಅವರು ಉತ್ಸಾಹವನ್ನು ವೀರರಸದ ಸ್ಥಾಯಿಭಾವವೆಂದರು. ಸ್ಥಾಯಿಯಾದ್ದರಿಂದ ಅದು ಎದೆಯಲ್ಲಿ ಇದ್ದೇ ಇರುತ್ತದೆ. ಆದರೆ ತಕ್ಕ ವಿಭಾವಗಳು ಕೂಡಿಬರದೆ ಅದು ಹೊಮ್ಮದು. ರಂಗದ ಮೇಲೆ ರಸ ಹುಟ್ಟದಿದ್ದರೆ ಪ್ರೇಕ್ಷಕನನ್ನು ಬೈದು ಫಲವಿಲ್ಲ, ಪ್ರಯೋಗವನ್ನು ತಿದ್ದಬೇಕು. ಆಟದ ಬಯಲಿನ ಮಾತೂ ಹೀಗೆಯೇ ಎಂದು ನನಗೆ ತೋರುತ್ತದೆ.

ಎತ್ತರ ಜಿಗಿತದ ಪಾಠವನ್ನು ನೆನೆಯಿರಿ. ಇಬ್ಬರು ಹುಡುಗರು ಹಗ್ಗದ ಎರಡು ತುದಿಗಳನ್ನು ಸಮನಾಗಿ ಹಿಡಿದಿದ್ದಾರೆ. ಮೊದಲು ಮೊಣಕಾಲಿನ ಎತ್ತರ, ಎಲ್ಲರೂ ಹಾರುತ್ತಾರೆ. ಹಗ್ಗ ಒಂದು ಗೇಣು ಏರುತ್ತದೆ. ತಾಗಿಸಿದವರು ಔಟು, ಪಕ್ಕಕ್ಕೆ ಹೋಗಿ ಕೂರುತ್ತಾರೆ. ಮತ್ತೊಂದು ಗೇಣು, ಮತ್ತಷ್ಟು ಮಂದಿ ಕೂರುತ್ತಾರೆ. ಕೊನೆಗೆ ಮೂವರು ಹಾರುತ್ತಿರುತ್ತಾರೆ, ನಲವತ್ತು ಮಂದಿ ನೋಡುತ್ತಿರುತ್ತಾರೆ. ಯಾರಿಗೆ ಅಭ್ಯಾಸ ಹೆಚ್ಚಾಗಿ ಬೇಕಾಗಿತ್ತೋ ಅವರಿಗೆ ದೊರೆತದ್ದು ಎರಡು ಜಿಗಿತ. ಯಾರಿಗೆ ಅಷ್ಟಾಗಿ ಬೇಕಿರಲಿಲ್ಲವೋ ಅವರಿಗೆ ಹನ್ನೆರಡು. ಇದನ್ನು ನಾವು ಪಾಠವೆಂದು ಕರೆಯುತ್ತೇವೆ.

ಇಸ್ರೇಲಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮಸ್ಕಾ ಮೊಸ್ಟನ್ ಎಂಬ ದೈಹಿಕ ಶಿಕ್ಷಣತಜ್ಞರು ಈ ಹಗ್ಗವನ್ನೇ ಕುರಿತು ಯೋಚಿಸಿದರು. ದೈಹಿಕ ಶಿಕ್ಷಣದ ಬೋಧನೆಯನ್ನು ಕುರಿತ ಅವರ ಪುಸ್ತಕ 1966ರಲ್ಲಿ ಪ್ರಕಟವಾಯಿತು. ಅವರ ಉಪಾಯ ತೀರ ಸರಳವಾದದ್ದು: ಹಗ್ಗದ ಒಂದು ತುದಿಯನ್ನು ಮೇಲೆ, ಇನ್ನೊಂದು ತುದಿಯನ್ನು ನೆಲದ ಬಳಿ ಹಿಡಿದು ಓರೆ ಮಾಡುವುದು. ಎಲ್ಲಿ ಹಾರಬೇಕೆಂಬುದನ್ನು ಹಾರುವವನೇ ಆರಿಸಿಕೊಳ್ಳುತ್ತಾನೆ. ಗಟ್ಟಿಗನು ಎತ್ತರದ ಕಡೆ ಹೋಗುತ್ತಾನೆ, ಅಳುಕಿನವನು ತಗ್ಗಿನ ಕಡೆ. ಯಾರೂ ಕೂರುವುದಿಲ್ಲ. ತಗ್ಗಿನಲ್ಲಿ ಗೆದ್ದವನು ಮುಂದಿನ ಸರದಿಯಲ್ಲಿ ಅಲ್ಲಿಯೇ ನಿಲ್ಲದೆ, ಯಾರೂ ಹೇಳದೆಯೇ, ಎರಡು ಹೆಜ್ಜೆ ಮೇಲಕ್ಕೆ ಸರಿಯುತ್ತಾನೆ. ಹುಡುಗರು ಅವರೇ, ಹಗ್ಗವೂ ಅದೇ. ಬದಲಾದದ್ದು ಅದನ್ನು ಹಿಡಿದ ಬಗೆ ಮಾತ್ರ.

ಇಂಥ ಜಾಣ್ಮೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಬಡ್ಡಿಯನ್ನೇ ನೋಡಿ. ಅದಕ್ಕೆ ಸಂಜೀವಿನಿ, ಗಾಮಿನಿ, ಅಮರ ಎಂಬ ಮೂರು ಪದ್ಧತಿಗಳುಂಟು. ಗಾಮಿನಿಯಲ್ಲಿ ಔಟಾದವನು ತನ್ನ ತಂಡವೆಲ್ಲ ಔಟಾಗುವವರೆಗೂ ಹೊರಗೇ ಕೂರಬೇಕು. ಸಂಜೀವಿನಿಯಲ್ಲಿ ಎದುರಾಳಿಯೊಬ್ಬನು ಔಟಾದಾಗ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ಇಂದಿನ ಪಂದ್ಯಗಳು ನಡೆಯುವುದು ಈ ಪದ್ಧತಿಯ ಆಧಾರದ ಮೇಲೆ. ಅಮರದಲ್ಲಂತೂ ಮುಟ್ಟಿಸಿಕೊಂಡವನು ಅಂಕಣವನ್ನು ಬಿಟ್ಟು ಹೋಗುವುದೇ ಇಲ್ಲ. ಎದುರು ಪಕ್ಷಕ್ಕೆ ಒಂದು ಅಂಕ ಸೇರುತ್ತದೆ, ಆಟ ಸಾಗುತ್ತದೆ. ಮೈಯಲ್ಲಿ ಬಲವಿಲ್ಲದ ಒಬ್ಬ ಹುಡುಗನನ್ನು ಈ ಮೂರು ಅಂಕಣಗಳಲ್ಲಿ ಬೇರೆ ಬೇರೆ ದಿನ ನಿಲ್ಲಿಸಿ ನೋಡಿ. ಗಾಮಿನಿಯಲ್ಲಿ ಅವನು ನಿರುತ್ಸಾಹಿ. ಅಮರದಲ್ಲಿ, ಅರ್ಧ ಗಂಟೆ ಕಳೆಯುವುದರೊಳಗೆ, ಅವನು ಎದುರಾಳಿಯ ಕಾಲು ಹಿಡಿಯಲು ಹೊಂಚುತ್ತಿರುತ್ತಾನೆ.

ಇನ್ನು ಕಾರ್ಖಾನೆಗೆ ಬರೋಣ. ಗುಣಮಟ್ಟದ ನಿರ್ವಹಣೆಯ ಮಾತು ಬಂದಾಗ ಎಡ್ವರ್ಡ್ಸ್ ಡೆಮಿಂಗರ ಹೆಸರು ಬಾರದೆ ಇರದು. 1900ರಲ್ಲಿ ಅಮೆರಿಕದಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಸಂಖ್ಯಾಶಾಸ್ತ್ರಜ್ಞರು 1950ರಲ್ಲಿ ಜಪಾನಿನ ಇಂಜಿನಿಯರುಗಳಿಗೂ ಕಂಪೆನಿಗಳ ಮುಖ್ಯಸ್ಥರಿಗೂ ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಪ್ರಶಸ್ತಿಯೊಂದು ಸ್ಥಾಪನೆಯಾಯಿತು. ಅವರ ಸ್ವದೇಶ ಅವರನ್ನು ಗಮನಿಸಿದ್ದು 1980ರಲ್ಲಿ, ದೂರದರ್ಶನದ ಒಂದು ಕಾರ್ಯಕ್ರಮದ ಮೂಲಕ. ಆಗ ಅವರ ವಯಸ್ಸು ಎಂಬತ್ತಕ್ಕೆ ಸಮೀಪಿಸಿತ್ತು. ನಾವಾದರೂ ಹಿಂದುಳಿದವರಲ್ಲ. ಅವರಿಗೆ ದಾರಿ ತೋರಿದ ವಾಲ್ಟರ್ ಷೂಹಾರ್ಟರು ಮಹಲನೋಬಿಸರ ಆಹ್ವಾನದ ಮೇಲೆ 1947–48ರಲ್ಲಿಯೇ ನಮ್ಮ ದೇಶಕ್ಕೆ ಬಂದಿದ್ದರು. 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣನಿಯಂತ್ರಣ ಘಟಕಗಳು ಬೆಂಗಳೂರಿನಲ್ಲಿಯೂ ಕೆಲಸ ತೊಡಗಿದವು. ಆದರೆ ನಾವು ಆ ವಿದ್ಯೆಯ ಲೆಕ್ಕವನ್ನು ಕಲಿತಷ್ಟು ಆಸಕ್ತಿಯಿಂದ ಅದರ ತಿರುಳನ್ನು ಕಲಿತೆವೆಂದು ಹೇಳಲಾರೆ.

ಆ ತಿರುಳನ್ನು ಡೆಮಿಂಗರು ಮಣಿಗಳ ಒಂದು ಆಟದಿಂದ ತೋರಿಸುತ್ತಿದ್ದರು. ಪೆಟ್ಟಿಗೆಯ ತುಂಬ ಮಣಿಗಳು. ಐದರಲ್ಲಿ ನಾಲ್ಕು ಪಾಲು ಬಿಳಿಯವು, ಒಂದು ಪಾಲು ಕೆಂಪು. ಐವತ್ತು ಕುಳಿಗಳಿರುವ ಒಂದು ಹಲಗೆ. ಸಭಿಕರಲ್ಲಿ ಆರು ಮಂದಿ ಕೆಲಸಗಾರರಾಗಿ ಬರುತ್ತಾರೆ, ಡೆಮಿಂಗರೇ ಮೇಸ್ತ್ರಿ. ಗಿರಾಕಿಗೆ ಬಿಳಿ ಮಣಿ ಬೇಕು, ಕೆಂಪು ಬೇಡ. ಹಲಗೆಯನ್ನು ಹೇಗೆ ಅದ್ದಬೇಕು, ಹೇಗೆ ಎತ್ತಬೇಕು ಎಂಬುದಕ್ಕೆಲ್ಲ ಕಟ್ಟುನಿಟ್ಟಾದ ವಿಧಿಯುಂಟು, ಅದನ್ನು ಮೀರುವಂತಿಲ್ಲ. ಒಬ್ಬನಿಗೆ ಐದು ಕೆಂಪು ಮಣಿ ಬರುತ್ತವೆ. ಮೇಸ್ತ್ರಿ ಅವನ ಕೈ ಕುಲುಕಿ ಹೊಗಳುತ್ತಾರೆ. ಇನ್ನೊಬ್ಬಳಿಗೆ ಹದಿನೈದು, ಎಲ್ಲರೆದುರು ಛೀಮಾರಿ. ಗೋಡೆಯ ಮೇಲೆ ಘೋಷಣೆಗಳು ಏರುತ್ತವೆ. ಎರಡನೆಯ ದಿನದ ಲೆಕ್ಕದಲ್ಲಿ ಹೊಗಳಿಸಿಕೊಂಡವನು ಹನ್ನೆರಡಕ್ಕೆ ಇಳಿದಿದ್ದಾನೆ, ಬೈಸಿಕೊಂಡವಳು ಎಂಟಕ್ಕೆ ಏರಿದ್ದಾಳೆ. "ಕಂಡಿರಾ, ಹೊಗಳಿದರೆ ತಲೆ ತಿರುಗುತ್ತದೆ, ಬೈದರೆ ಬುದ್ಧಿ ಬರುತ್ತದೆ" ಎಂದು ಮೇಸ್ತ್ರಿಯಾದವನು ತಿಳಿಯಲು ಇಷ್ಟೇ ಸಾಕು! ಕೊನೆಗೆ ಚೆನ್ನಾಗಿ ಮಾಡಿದ ಮೂವರನ್ನು ಉಳಿಸಿಕೊಂಡು ಉಳಿದವರನ್ನು ತೆಗೆದುಹಾಕುತ್ತಾರೆ. ಆದರೂ ಕೆಂಪು ಮಣಿಗಳು ಬರುತ್ತಲೇ ಇರುತ್ತವೆ.

ಲೆಕ್ಕ ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಪೆಟ್ಟಿಗೆಯಲ್ಲಿ ಐದರಲ್ಲೊಂದು ಕೆಂಪಾಗಿರುವಾಗ ಐವತ್ತು ಕುಳಿಗಳಿಗೆ ಸರಾಸರಿ ಹತ್ತರಷ್ಟು ಬಂದೇ ಬರುತ್ತವೆ. ಒಂದು ಸಲಕ್ಕೆ ಎರಡಕ್ಕೂ ಇಳಿಯಬಹುದು, ಹದಿನೆಂಟಕ್ಕೂ ಏರಬಹುದು. ಅದ್ದಿದವನ ಶ್ರದ್ಧೆಗೂ ಅದಕ್ಕೂ ಸಂಬಂಧವೇ ಇಲ್ಲ. ಕೆಂಪು ಮಣಿಗಳನ್ನು ಕಡಮೆ ಮಾಡಬೇಕಾದರೆ ಪೆಟ್ಟಿಗೆಯನ್ನು ಶುದ್ಧಗೊಳಿಸಬೇಕು. ಅದರ ಅಧಿಕಾರವಿರುವುದು ಕೆಲಸಗಾರನಿಗಲ್ಲ, ಆಡಳಿತಕ್ಕೆ.

ಈಗ ಮತ್ತೆ ಬಯಲಿಗೆ ಬಂದು, ಗಡಿಯಾರ ಹಿಡಿದ ಮೇಷ್ಟರ ಮುಂದೆ ಎಂಟನೆಯ ತರಗತಿಯ ಮಕ್ಕಳು ಆರುನೂರು ಮೀಟರು ಓಡುವುದನ್ನು ನೋಡೋಣ. ಒಂದೇ ತರಗತಿಯಾದರೂ ಜೂನಿನಲ್ಲಿ ಹುಟ್ಟಿದವನು ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು. ಹದಿಮೂರರ ವಯಸ್ಸಿನಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಹಸುಳೆಯಂತಿರುತ್ತಾನೆ. ಮೈಯ ಬೆಳವಣಿಗೆಯಲ್ಲಿ ಅವರಿಬ್ಬರಿಗೂ ಎರಡು ಮೂರು ವರ್ಷಗಳ ಅಂತರವಿರಬಹುದು. ಒಬ್ಬಳು ಬೆಳಿಗ್ಗೆ ಉಂಡು ಬಂದಿದ್ದಾಳೆ, ಇನ್ನೊಬ್ಬಳು ಬಿಸಿಯೂಟದ ಗಂಟೆಗೆ ಕಾದಿದ್ದಾಳೆ. ಇವೆಲ್ಲ ಪೆಟ್ಟಿಗೆಯೊಳಗಿನ ಕೆಂಪು ಮಣಿಗಳು. ಮೇಷ್ಟರು ಮಾತ್ರ ಕೊನೆಗೆ ಬಂದವನಿಗೆ "ಸೋಮಾರಿ" ಎಂದು ಹೆಸರಿಡುತ್ತಾರೆ. ಅವನು ಅದನ್ನು ನಂಬುತ್ತಾನೆ, ದುಃಖದ ಸಂಗತಿ ಇದು. ಹದಿಮೂರನೆಯ ವಯಸ್ಸಿನಲ್ಲಿ "ಆಟ ನನ್ನಂಥವರಿಗಲ್ಲ" ಎಂದು ತೀರ್ಮಾನಿಸಿದವನು ಆ ತೀರ್ಮಾನವನ್ನು ಐವತ್ತು ವರ್ಷ ಹೊತ್ತು ನಡೆಯುತ್ತಾನೆ. ಸಕ್ಕರೆ ಕಾಯಿಲೆಯ ಡಾಕ್ಟರು "ದಿನಾ ಒಂದಿಷ್ಟು ನಡೆಯಿರಿ" ಎಂದಾಗ ಅವನಿಗೆ ನೆನಪಾಗುವುದು ಆ ಗಡಿಯಾರ.

ಡೆಮಿಂಗರು ಆಡಳಿತಗಾರರಿಗೆ ಕೊಟ್ಟ ಹದಿನಾಲ್ಕು ಸೂತ್ರಗಳಲ್ಲಿ ಒಂದು, ಭಯವನ್ನು ಹೊರದೂಡಿ ಎಂಬುದು. ಭಯವಿರುವಲ್ಲಿ ಜನ ತಪ್ಪನ್ನು ತಿದ್ದುವುದಿಲ್ಲ, ಮುಚ್ಚಿಡುತ್ತಾರೆ. ಕೆಟ್ಟ ಬಿಡಿಭಾಗವು ಒಳ್ಳೆಯವುಗಳ ಅಡಿಯಲ್ಲಿ ಅಡಗಿ ಮುಂದಿನ ವಿಭಾಗಕ್ಕೆ ಹೋಗುತ್ತದೆ. ಶಾಲೆಯಲ್ಲಿ ಅದಕ್ಕೆ ಸಮನಾದದ್ದು ತಂದೆಯ ಸಹಿಯುಳ್ಳ ಹೊಟ್ಟೆನೋವಿನ ಚೀಟಿ. ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಗಣಿತದ ಲೆಕ್ಕ ತಪ್ಪಿದರೆ ಮೈದಾನಕ್ಕೆ ಐದು ಸುತ್ತು, ತಡವಾಗಿ ಬಂದರೆ ಇಪ್ಪತ್ತು ಬಸ್ಕಿ! ಯಾವುದನ್ನು ಮಗು ಬಾಳಿನುದ್ದಕ್ಕೂ ಪ್ರೀತಿಸಲೆಂದು ನಾವು ಬಯಸುತ್ತೇವೆಯೋ ಅದನ್ನೇ ದಂಡನೆಯಾಗಿ ವಿಧಿಸುವುದು. ತಪ್ಪು ಮಾಡಿದ ಮಗುವಿಗೆ ಹೋಳಿಗೆ ತಿನ್ನುವ ಶಿಕ್ಷೆ ಕೊಟ್ಟವರನ್ನು ನಾನು ಕಂಡಿಲ್ಲ.

ದಂಡನೆ ಬೇಡವಾದರೆ ಬಹುಮಾನವಾದರೂ ಇರಲಿ ಎನ್ನುವಿರಾ? ಅಲ್ಲಿಯೂ ತೊಡಕುಂಟು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಪ್ರಾಣವಾಗಿದ್ದ ಶಿಶುವಿಹಾರದ ಮಕ್ಕಳು. ಅವರಲ್ಲಿ ಕೆಲವರಿಗೆ "ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಬರೆಸಿದರು. ಕೆಲವು ದಿನಗಳು ಕಳೆದ ಮೇಲೆ, ಯಾವ ಬಹುಮಾನದ ಮಾತೂ ಇಲ್ಲದಾಗ, ಆ ಮಕ್ಕಳು ಪೆನ್ನುಗಳೊಡನೆ ಕಳೆದ ಹೊತ್ತು ಉಳಿದವರ ಹೊತ್ತಿನ ಅರ್ಧದಷ್ಟಾಗಿತ್ತು. ಹೇಳದೆ ಕೇಳದೆ ಕೊನೆಯಲ್ಲಿ ಬಹುಮಾನ ಪಡೆದವರಲ್ಲಿ ಈ ಕುಂದು ಕಾಣಲಿಲ್ಲ. ಆಟವಾಗಿದ್ದದ್ದು ಕೂಲಿಯಾಯಿತು, ಕೂಲಿ ನಿಂತೊಡನೆ ಕೆಲಸವೂ ನಿಂತಿತು. ಹಾಗೆಂದು ದಸರಾ ಕ್ರೀಡಾಕೂಟವನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ತಾನಾಗಿ ಗರಡಿಗೆ ಇಳಿದವನಿಗೆ ಸೆಣಸಾಟವೇ ಸವಿ. ಅವನ ಬೆಳ್ಳಿಗದೆಯನ್ನು ಕಸಿಯಬೇಕಾಗಿಲ್ಲ. ಆದರೆ ತರಗತಿಯ ಪಾಠವು ತಂಡದ ಆಯ್ಕೆಯ ಪರೀಕ್ಷೆಯಲ್ಲ.

ಜಪಾನಿನಲ್ಲಿ ಕೌರು ಇಷಿಕಾವಾ ಮೊದಲಾದವರ ಪ್ರಯತ್ನದಿಂದ 1962ರಲ್ಲಿ ಆರಂಭವಾದ ಕ್ವಾಲಿಟಿ ಸರ್ಕಲ್ಲುಗಳ ಗುಟ್ಟೂ ಇಲ್ಲಿಯೇ ಇದೆ. ಒಂದೇ ಕಡೆ ದುಡಿಯುವ ಕೆಲವರು ಸೇರಿ, ತಮ್ಮ ಕೆಲಸದ ತೊಡಕನ್ನು ತಾವೇ ಆರಿಸಿ, ತಾವೇ ಅಳೆದು, ತಾವೇ ಪರಿಹಾರ ಹುಡುಕುವ ಬಳಗ ಅದು. ಬಳಗ ಸೇರುವುದು ಅವರವರ ಇಚ್ಛೆ. ನಮ್ಮ ದೇಶದಲ್ಲಿ ಅದನ್ನು 1980ರಲ್ಲಿ ಹೈದರಾಬಾದಿನ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಆರಂಭಿಸಿತು. "ಈ ವರ್ಷ ಇಷ್ಟು ಸರ್ಕಲ್ಲುಗಳಾಗಬೇಕು" ಎಂದು ಮೇಲಿನಿಂದ ಗುರಿ ಇಳಿದರೆ ಬಳಗ ಹೋಗಿ ಕಡತವಷ್ಟೇ ಉಳಿಯುತ್ತದೆ. 1987ರಲ್ಲಿ ಬಂದ ಐ.ಎಸ್.ಓ. 9000 ಮಾನಕಗಳಿಗೂ ಎಷ್ಟೋ ಕಡೆ ಇದೇ ಗತಿ. ಸ್ವಾಗತದ ಮೇಜಿನ ಹಿಂದೆ ಕಟ್ಟು ಹಾಕಿದ ಪ್ರಮಾಣಪತ್ರ, ಒಳಗೆ ಹಳೆಯ ಪಾಡು.

ಅದೇ ಬಳಗವನ್ನು ಬಯಲಿನಲ್ಲಿ ಕಟ್ಟುವುದು ಕಷ್ಟವಲ್ಲ. ಐದೈದು ಮಕ್ಕಳ ಗುಂಪು. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಹೋದ ವಾರ ನನ್ನ ಕೈ ಎಲ್ಲಿಯವರೆಗೆ ತಾಗಿತ್ತು, ಈ ವಾರ ಎಲ್ಲಿಗೆ ತಾಗಿತು ಎಂದು ಅವರೇ ಗುರುತು ಹಾಕುವುದು. ಲಗೋರಿಯಲ್ಲಿ ಚೆಂಡು ಎಸೆಯುವ ದೂರವನ್ನು ಅವರೇ ಗೊತ್ತುಮಾಡಿಕೊಳ್ಳುವುದು. ಡೆಮಿಂಗರು ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಗಳ ಬರಹಗಳನ್ನು ಓದುತ್ತಿದ್ದುದು ಅವರಿಗೆ ದರ್ಜೆ ಕೊಡುವುದಕ್ಕಲ್ಲ. ತಾವು ಹೇಗೆ ಕಲಿಸುತ್ತಿದ್ದೇವೆ, ಯಾರಿಗೆ ನೆರವು ಬೇಕು ಎಂಬುದನ್ನು ತಿಳಿಯಲೆಂದು. ಗಡಿಯಾರವನ್ನೂ ಹಾಗೆ ಓದಬಹುದು. ಮೂವತ್ತು ಮಕ್ಕಳಿಗೆ ಆರುನೂರು ಮೀಟರು ಓಡಲಾಗದಿದ್ದರೆ ಗಡಿಯಾರ ಹೇಳುತ್ತಿರುವುದು ಪಾಠದ ಸುದ್ದಿ.

ಇಷ್ಟೆಲ್ಲ ಹೇಳಿ ಡ್ರಿಲ್ ಮೇಷ್ಟರನ್ನು ಕಟಕಟೆಯಲ್ಲಿ ನಿಲ್ಲಿಸಿದಂತಾಯಿತೇನೋ. ಅದು ನನ್ನ ಉದ್ದೇಶವಲ್ಲ. ಅವರ ಕೈಯಲ್ಲಿರುವುದೂ ಯಾರೋ ತುಂಬಿಟ್ಟ ಪೆಟ್ಟಿಗೆಯೇ. ಅರುವತ್ತು ಮಕ್ಕಳು, ಗಾಳಿ ಹೋದ ಎರಡು ಚೆಂಡುಗಳು. ಪರೀಕ್ಷೆ ಹತ್ತಿರವಾದೊಡನೆ ಗಣಿತದವರು ಬಂದು ಅವರ ಅವಧಿಯನ್ನು ಕೇಳಿ ಪಡೆಯುತ್ತಾರೆ, ಕೆಲವೊಮ್ಮೆ ಕೇಳದೆಯೂ. ವರ್ಷದ ಕೊನೆಗೆ ಅವರ ಯೋಗ್ಯತೆಯನ್ನು ಅಳೆಯುವುದು ತಾಲ್ಲೂಕು ಕ್ರೀಡಾಕೂಟದಿಂದ ಎಷ್ಟು ಷೀಲ್ಡುಗಳು ಬಂದವೆಂಬುದರಿಂದ. ಷೀಲ್ಡು ತರುವವರು ತರಗತಿಯ ಮೂವರು. ಹೀಗಿರುವಲ್ಲಿ ಆ ಮೇಷ್ಟರು ತಮ್ಮ ಹೊತ್ತನ್ನೆಲ್ಲ ಆ ಮೂವರಿಗೆ ಸುರಿದರೆ ಅದರಲ್ಲಿ ಆಶ್ಚರ್ಯವೇನು? ಮುಖ್ಯೋಪಾಧ್ಯಾಯರು ಗಾಜಿನ ಬೀರುವಿನಲ್ಲಿ ಷೀಲ್ಡುಗಳನ್ನು ಎಣಿಸುವ ಬದಲು, ಈ ತಿಂಗಳು ಎಷ್ಟು ಮಕ್ಕಳು ಹೊಟ್ಟೆನೋವಿನ ಚೀಟಿ ತಂದರು, ಹೋದ ತಿಂಗಳಿಗಿಂತ ಹೆಚ್ಚೇ ಕಡಮೆಯೇ ಎಂದು ಕೇಳಲು ತೊಡಗಿದರೆ, ಹಗ್ಗವನ್ನು ಓರೆಯಾಗಿ ಕಟ್ಟುವ ಉಪಾಯ ಆ ಮೇಷ್ಟರಿಗೆ ತಾನಾಗಿಯೇ ಹೊಳೆದೀತು.