ಗೋಮಾಳದ ಹಕ್ಕಿಗಳು



ಕೋಲಾರ ಜಿಲ್ಲೆಯ ನಮ್ಮ ಮಾಸ್ತಿ ಊರಿಗೆ ಹೊರಗಿನಿಂದ ಬರುವವರು ಹೆಚ್ಚಾಗಿ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ನೋಡಲು ಬರುತ್ತಾರೆ. ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಮಾಲೂರು ಸೀಮೆಯ ಗೋಮಾಳಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಮರವಿಲ್ಲ, ನೆರಳಿಲ್ಲ, ಒಣಹುಲ್ಲು, ನಡುನಡುವೆ ಬೋಳು ನೆಲ. ಅಲ್ಲೇನಿದೆ ನೋಡೋಕೆ?

ಹಳದಿ ಟಿಟ್ಟಿಭವೆಂಬ ಹಕ್ಕಿಗೆ ಬೇಕಾದದ್ದು ಆ ಬೋಳು ನೆಲವೇ. ಬೇಸಿಗೆ ಬಂತೆಂದರೆ ಬಯಲಿನಲ್ಲೇ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ. ಯಾರಾದರೂ ಹತ್ತಿರ ಬಂದರೆ ತಾಯಿಹಕ್ಕಿ ಎದ್ದು ಓಡಿ, ದೂರದಲ್ಲಿ ನಿಂತು ಕೂಗಿ, ಬಂದವರನ್ನು ಬೇರೆಡೆಗೆ ಸೆಳೆಯುತ್ತದೆ. ಈ ಉಪಾಯಕ್ಕೆ ನಾಯಿ, ನರಿ ಮೋಸಹೋಗಬಹುದು. ಕ್ಯಾಮೆರಾ ಹೊತ್ತು ಹುಲ್ಲಿನ ಮೇಲೆ ನುಗ್ಗುವ ಜೀಪಿನ ಚಕ್ರ ಮೋಸಹೋಗುವುದಿಲ್ಲ.

ಚಳಿಗಾಲದ ಅತಿಥಿ ಬೇರೆ. ಗಿಡುಗದ ಬಳಗದ ಸೆಳೆವಗಳು ಕಝಾಕಿಸ್ತಾನದಂಥ ದೂರದ ಹುಲ್ಲುಗಾವಲುಗಳಿಂದ ನಮ್ಮ ಬಯಲುಸೀಮೆಗೆ ಬರುತ್ತವೆ. ಹಗಲೆಲ್ಲ ಹೊಲದ ಮೇಲೆ ತೇಲಿ ಮಿಡತೆ ಹಿಡಿಯುತ್ತವೆ. ರಾತ್ರಿ ಮಲಗುವುದು ಮರದ ಮೇಲಲ್ಲ, ಗುಂಪಾಗಿ ಹುಲ್ಲಿನೊಳಗೆ, ನೆಲದ ಮೇಲೆ. ರೈತನಿಗೆ ಪುಕ್ಕಟೆ ಕಾವಲುಗಾರ!

ನಮಗೋ, ಮರವಿಲ್ಲದ ನೆಲ ಕಂಡರೆ ಕೈ ತುರಿಸುತ್ತದೆ. ಜೂನ್ 5 ಪರಿಸರ ದಿನ, ಮರುದಿನವೇ ಮಾಸ್ತಿಯವರ ಹುಟ್ಟಿದ ದಿನ. ಗುಂಡಿ ತೋಡಿ ಸಸಿ ನೆಡಲು ಎರಡೆರಡು ನೆಪ. ಶಾಲೆಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ನೆಡಿ, ಬೇಡವೆನ್ನುವುದಿಲ್ಲ. ಹುಲ್ಲುಗಾವಲಿನಲ್ಲಿ ನೆಟ್ಟರೆ ಹುಲ್ಲು ಹೋಗುತ್ತದೆ. ಮೊಟ್ಟೆ ಕದಿಯುವ ಕಾಗೆಗೆ ಕೂರಲು ಕೊಂಬೆ ಸಿಗುತ್ತದೆ. ಮರ ಬೆಳೆಸಿದರೆ ಸಾಕು, ಯಾವುದಾದರೇನು ಎಂದು ನೀಲಗಿರಿ ತುಂಬಿಸಿಕೊಂಡ ಜಿಲ್ಲೆ ನಮ್ಮದು. ಹೊಸದಾಗಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ.

ಬೆಂಗಳೂರಿನ ಪಕ್ಕದ ಹೆಸರಘಟ್ಟವನ್ನು ನೋಡಿ. ಒಂದು ಕಾಲಕ್ಕೆ ಫಿಲ್ಮ್ ಸಿಟಿಗೆಂದು ಗುರುತಿಸಿದ್ದ ಹುಲ್ಲುಗಾವಲು ಅದು. ಹಕ್ಕಿ ನೋಡುವವರು ವರ್ಷಗಟ್ಟಲೆ ಪಟ್ಟು ಬಿಡಲಿಲ್ಲ. ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು.

ನಮ್ಮ ಗೋಮಾಳಗಳಿಗೆ ಅಷ್ಟು ದೊಡ್ಡ ಬೋರ್ಡು ಬೇಕಿಲ್ಲ, ರೆಸಾರ್ಟಂತೂ ಬೇಡವೇ ಬೇಡ. ಹಕ್ಕಿ ನೋಡಲು ಬರುವವರು ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು, ಕುರಿ ಕಾಯುವವರನ್ನು ಮಾತಾಡಿಸಲಿ. ದಿನವಿಡೀ ಅದೇ ಬಯಲಿನಲ್ಲಿರುವ ಅವರಿಗೆ ಯಾವ ಹಕ್ಕಿ ಎಲ್ಲಿಂದ ಏಳುತ್ತದೆಂಬುದು ಗೊತ್ತು. ಒಂದು ಹೊತ್ತು ಜೊತೆಗೆ ನಡೆದರೆ ಕೂಲಿ ಕೊಡಿ. ಪಟ್ಟಣದ ಗೈಡಿಗೆ ಎಷ್ಟು ಕೊಡುತ್ತೀರೋ, ಅಷ್ಟೇ.