ಐವತ್ತು ಮಂದಿಯ ಮದುವೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಇದು ಖರ್ಚಿನ ಮಾತಷ್ಟೇ ಅಲ್ಲ, ಕರೆಯುವ ಕಷ್ಟದ ಮಾತೂ ಹೌದು. ಲಗ್ನಪತ್ರಿಕೆ ಕೊಡಲು ಮರೆತರೆ ನೆಂಟರು ವರ್ಷಗಟ್ಟಲೆ ಮುನಿಸಿಕೊಳ್ಳುವುದುಂಟು. ಇಂಥ ನಾಡಿನಲ್ಲಿ 2020ರಲ್ಲಿ ಒಂದು ನಿಯಮ ಬಂತು: ಮದುವೆಗೆ ಐವತ್ತಕ್ಕಿಂತ ಹೆಚ್ಚು ಜನ ಸೇರಕೂಡದು. ಈ ನಿಯಮದ ಹಿಂದಿನ ಕಾರಣವೇನೆಂಬುದನ್ನು ಈ ದಿನ ವಿಚಾರ ಮಾಡೋಣ.

ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯವರು. ಅದು 2020ರ ಮಾರ್ಚ್ 10. ಆ ತಿಂಗಳ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಮೇ ತಿಂಗಳಲ್ಲಿ ನಿರ್ಬಂಧಗಳು ಸಡಿಲಗೊಂಡಾಗ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ಮದುವೆಗೆ 50 ಮಂದಿ, ಅಂತ್ಯಸಂಸ್ಕಾರಕ್ಕೆ 20 ಮಂದಿ ಎಂದು ಮಿತಿ ಹಾಕಿತು. ನಮ್ಮ ರಾಜ್ಯದಲ್ಲಿ ಮದುವೆಗೆ ಮೊದಲೇ ಅನುಮತಿ ಪಡೆಯಬೇಕಾಗಿತ್ತು. ಬಾಗಿಲಲ್ಲಿ ಜ್ವರದ ತಪಾಸಣೆ, ಸ್ಯಾನಿಟೈಸರ್, ಎಲ್ಲರಿಗೂ ಮುಖಗವಸು, ಬಂದವರ ಹೆಸರು ಮತ್ತು ಫೋನ್ ನಂಬರಿನ ಪಟ್ಟಿ, ಇವೆಲ್ಲ ಕಡ್ಡಾಯವಾದವು. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಎದ್ದಾಗ ಮಿತಿಯು ಮತ್ತೆ ಐವತ್ತಕ್ಕೇ ಇಳಿಯಿತು.

ಐನೂರು ಜನ ಸೇರುವ ಕಡೆ ಐವತ್ತು ಜನ ಸೇರಿದರೆ ಅಪಾಯ ಎಷ್ಟು ಕಡಿಮೆಯಾಗುತ್ತದೆ? ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ ಎಂದು ನೀವು ಹೇಳಬಹುದು. ಆದರೆ ಲೆಕ್ಕ ಹಾಗಿಲ್ಲ. ರೋಗ ಹರಡುವುದು ಇಬ್ಬರು ಹತ್ತಿರ ಬಂದಾಗ. ಆದ್ದರಿಂದ ಎಣಿಸಬೇಕಾದ್ದು ತಲೆಗಳನ್ನಲ್ಲ, ಜೋಡಿಗಳನ್ನು. ಐವತ್ತು ಮಂದಿಯಲ್ಲಿ ಪ್ರತಿಯೊಬ್ಬರೂ ಉಳಿದ 49 ಮಂದಿಯನ್ನು ಭೇಟಿಯಾದರೆ, 50ನ್ನು 49ರಿಂದ ಗುಣಿಸಿ ಎರಡರಿಂದ ಭಾಗಿಸಿ, 1,225 ಭೇಟಿಗಳು. ಐನೂರು ಮಂದಿಗೆ ಇದೇ ಲೆಕ್ಕ ಹಾಕಿದರೆ 1,24,750! ಜನ ಹತ್ತು ಪಟ್ಟು ಹೆಚ್ಚಿದರೆ ಭೇಟಿಯ ಅವಕಾಶಗಳು ನೂರು ಪಟ್ಟು ಹೆಚ್ಚುತ್ತವೆ. ಛತ್ರದಲ್ಲಿ ಎಲ್ಲರೂ ಎಲ್ಲರನ್ನೂ ಮಾತನಾಡಿಸುವುದಿಲ್ಲ, ನಿಜ. ಆದರೂ ಮಿತಿ ಹಾಕಿದ್ದೇಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಮದುವೆಯ ಮೇಲೇ ಇಷ್ಟು ಕಣ್ಣೇಕೆ? ಮುಚ್ಚಿದ ಛತ್ರ, ಓಲಗದ ನಡುವೆ ಗಟ್ಟಿಯಾದ ಮಾತು, ಮುಖಗವಸು ತೆಗೆದು ಪಂಕ್ತಿಯಲ್ಲಿ ಒತ್ತೊತ್ತಾಗಿ ಕುಳಿತು ಊಟ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲ ವಯಸ್ಸಿನವರೂ ಹಲವು ಊರುಗಳಿಂದ ಬಂದು, ಮಾರನೆಯ ದಿನ ಹಲವು ಊರುಗಳಿಗೆ ಚದುರುತ್ತಾರೆ. ಸೋಂಕು ತಗುಲಿದವನಿಗೆ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ ಬೇಕಾಗಬಹುದು. ಅದಕ್ಕೆ ಮೊದಲೇ ಅವನಿಂದ ರೋಗ ಹರಡಬಲ್ಲದು. ಜ್ವರವಿಲ್ಲದೆ ನಗುನಗುತ್ತಾ ಅಕ್ಷತೆ ಹಾಕಿದವನೇ ರೋಗವನ್ನು ತಂದಿರಬಹುದು. ಬಾಗಿಲ ತಪಾಸಣೆಯೊಂದೇ ಸಾಲದೆ ಹೆಸರಿನ ಪಟ್ಟಿಯೂ ಬೇಕಾದದ್ದು ಇದಕ್ಕಾಗಿಯೇ.

ಜನವಿಲ್ಲದ ಮದುವೆ ಮದುವೆಯೇ ಎಂದು ಹಿರಿಯರು ನೊಂದುಕೊಂಡರು. ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ 1954ರ ವಿಶೇಷ ವಿವಾಹ ಕಾಯ್ದೆಯು ವಧೂವರರ ಜೊತೆಗೆ ಕೇಳುವುದು ವಿವಾಹಾಧಿಕಾರಿಯನ್ನು ಮತ್ತು ಮೂವರು ಸಾಕ್ಷಿಗಳನ್ನು ಮಾತ್ರ. ನಮ್ಮ ಕುವೆಂಪು ಅವರು ಆಡಂಬರವಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಸರಳತೆ ನಮಗೆ ಹೊಸದೇನೂ ಅಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅಡುಗೆಯವರು, ಓಲಗದವರು, ಹೂ ಬೆಳೆದ ರೈತರು ಆ ವರ್ಷಗಳ ಲಗ್ನದ ದಿನಗಳಲ್ಲಿ ಕೈಕಟ್ಟಿ ಕುಳಿತರು. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದು. ಶಾಲೆಗಳು ಮುಚ್ಚಿದ್ದವು, ದುಡಿಮೆ ನಿಂತಿತ್ತು. ಛತ್ರವಿಲ್ಲ, ಪತ್ರಿಕೆಯಿಲ್ಲ, ನೋಡುವವರಿಲ್ಲ. ಮನೆಯೊಳಗೆ ಸದ್ದಿಲ್ಲದೆ ಬಾಲ್ಯವಿವಾಹ ಮಾಡಿಬಿಡುವುದು ಸುಲಭವಾಯಿತು. ಸಾಂಕ್ರಾಮಿಕದ ಪರಿಣಾಮವಾಗಿ ಹತ್ತು ವರ್ಷಗಳಲ್ಲಿ ಜಗತ್ತಿನ ಇನ್ನೂ ಒಂದು ಕೋಟಿಯಷ್ಟು ಹೆಣ್ಣುಮಕ್ಕಳು ಈ ಅಪಾಯಕ್ಕೆ ಒಳಗಾಗಬಹುದೆಂದು ಯುನಿಸೆಫ್ 2021ರಲ್ಲಿ ಎಚ್ಚರಿಸಿತು. ಅತಿಥಿಗಳನ್ನು ಎಣಿಸುವಷ್ಟೇ ಜಾಗ್ರತೆಯಿಂದ ವಧುವಿನ ವಯಸ್ಸನ್ನೂ ಕೇಳಬೇಕು. ನಿಮ್ಮ ತರಗತಿಯ ಗೆಳತಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟರೆ ಏಕೆಂದು ವಿಚಾರಿಸಿ. ಅನುಮಾನವಿದ್ದರೆ ಶಿಕ್ಷಕರಿಗೆ ತಿಳಿಸಿ, ಇಲ್ಲವೇ 1098ಕ್ಕೆ ಕರೆ ಮಾಡಿ.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಐವತ್ತರ ಮಿತಿ ಈಗಿಲ್ಲ. ಆದರೆ ಇನ್ನೊಂದು ಸಾಂಕ್ರಾಮಿಕ ಎಂದೂ ಬಾರದೆಂದು ಹೇಳಲಾಗದು. ಅಂಥ ದಿನ ಬಂದಾಗ, ದಂಡಕ್ಕೆ ಹೆದರಿ ಪಾಲಿಸುವ ನಿಯಮ ಪೊಲೀಸರು ಅತ್ತ ಹೋದೊಡನೆ ಮುರಿಯುತ್ತದೆ. ಕಾರಣ ತಿಳಿದು ಪಾಲಿಸುವ ನಿಯಮ ಉಳಿಯುತ್ತದೆ. ಅಂದು ಕರೆಯದೆ ಬಿಟ್ಟವರನ್ನು ನಾವು ಮರೆತಿರಲಿಲ್ಲ, ಅವರು ಬದುಕಿರಲೆಂದು ಬಯಸಿದ್ದೆವು. ಈ ಮಾತನ್ನು ಮನೆಯ ಹಿರಿಯರಿಗೆ ಲೆಕ್ಕಸಹಿತ ತಿಳಿಸಿ ಹೇಳಬಲ್ಲವರು ನೀವು.