ಮನೆಗೆ ತಂದ ಮರಿಯ ಮೊದಲ ಹದಿನೈದು ದಿನ

(ವಲಾಂಡಿಯಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ ಕೂಲಿಯದಲ್ಲ, ಬೋನಸ್ಸಿನದೂ ಅಲ್ಲ, ನಾಯಿಮರಿಯದು. ನಗಬೇಡಿ. ಮನೆಯಲ್ಲಿ ಒಂದು ಮರಿ ಕಾಯಿಲೆ ಬಿದ್ದರೆ ಎರಡು ದಿನದ ಕೂಲಿ ಹೋಗುತ್ತದೆ, ಕೈಸಾಲ ಬರುತ್ತದೆ, ಮಕ್ಕಳು ಉಣ್ಣದೆ ಮಲಗುತ್ತಾರೆ. ಅದೇ ಮರಿ ಮಗುವನ್ನು ಕಚ್ಚಿದರೆ ಮನುಷ್ಯನ ಪ್ರಾಣದ ಪ್ರಶ್ನೆಯೇ ಏಳುತ್ತದೆ. ಆದುದರಿಂದ ಇದು ದುಡಿಯುವ ಕುಟುಂಬಗಳ ವಿಷಯವೇ ಸರಿ. ದೂರದ ಕಾಫಿ ತೋಟಗಳ ಲೈನು ಮನೆಗಳಲ್ಲಿ ಇದನ್ನು ಓದುವವರಿಗೂ ಇದು ಅನ್ವಯಿಸುತ್ತದೆ.

ದೇವಣಿ ದನದ ಸೀಮೆಯವರಾದ ನಿಮಗೆ ಪ್ರಾಣಿಯ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಆದರೆ ನಾಯಿಮರಿಯನ್ನು ತರುವಾಗ ಏನನ್ನೂ ಕೇಳುವುದಿಲ್ಲ. ಪುಕ್ಕಟೆ ಸಿಕ್ಕಿತು, ಮಗು ಹಟ ಮಾಡಿತು, ಚೀಲದಲ್ಲಿ ಹಾಕಿಕೊಂಡು ಬಂದೆವು. ವಾರದೊಳಗೆ ಮರಿ ಮಲಗಿದಾಗ ದೃಷ್ಟಿ ತಾಕಿತು ಎನ್ನುತ್ತೇವೆ, ಇಲ್ಲವೇ ಕೊಟ್ಟವರನ್ನು ಬೈಯುತ್ತೇವೆ.

ಬೀದಿಪಾಲಾದ ಮರಿಗಳಿಗೆ ಆಶ್ರಯ ಕೊಡುವ ಸಂಸ್ಥೆಗಳು ಈಗ ದೊಡ್ಡ ಪಟ್ಟಣಗಳಲ್ಲಿವೆ. ಬೆಂಗಳೂರಿನ ಕ್ಯೂಪಾ ಸಂಸ್ಥೆ 1991ರಿಂದ ಈ ಕೆಲಸ ಮಾಡುತ್ತಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಬೀದಿನಾಯಿಗಳ ಬಗ್ಗೆ ಕೊಟ್ಟ ಆದೇಶದಲ್ಲೂ ದತ್ತು ತೆಗೆದುಕೊಳ್ಳುವ ಮಾತಿದೆ. ಇಷ್ಟವುಳ್ಳವರು ನಗರಸಭೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಹಾಗೆ ಪಡೆದ ನಾಯಿ ಮರಳಿ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಜವಾಬ್ದಾರಿ ಅವರದೇ ಎಂದು ಅದು ಹೇಳಿತು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಅದಕ್ಕೆ ಬರುತ್ತೇನೆ.

ಆಶ್ರಯಧಾಮದಿಂದ ತಂದ ಮರಿ ಮೊದಲ ಹದಿನೈದು ದಿನಗಳಲ್ಲೇ ಕಾಯಿಲೆ ಬೀಳುವುದೇಕೆ? ಅಲ್ಲಿ ಹತ್ತು ತಾಯಿಯ ಮಕ್ಕಳು ಒಂದೆಡೆ ಸೇರಿರುತ್ತವೆ. ಒಂದಕ್ಕೆ ರೋಗ ಬಂದರೆ ಉಳಿದವಕ್ಕೆ ತಗಲುವುದು ಸುಲಭ. ರೋಗ ತಗಲಿದ ದಿನವೇ ಹೊರಗೆ ಕಾಣುವುದಿಲ್ಲ. ಮರಿಗಳನ್ನು ಹೆಚ್ಚಾಗಿ ಕೊಲ್ಲುವ ಪಾರ್ವೋ ಎಂಬ ರೋಗ ತಗಲಿದ 3ರಿಂದ 7 ದಿನಗಳ ನಂತರ, ಕೆಲವೊಮ್ಮೆ ಎರಡು ವಾರಗಳ ನಂತರ ತೋರಿಕೊಳ್ಳುತ್ತದೆ. ಅಂದರೆ ಚಂಗನೆ ಜಿಗಿಯುವ ಮರಿಯನ್ನು ಅವರು ಮೋಸವಿಲ್ಲದೆಯೇ ಕೊಟ್ಟಿರಬಹುದು. ರೋಗ ಆಗಲೇ ಅದರ ಹೊಟ್ಟೆಯಲ್ಲಿ ಕುಳಿತಿರಬಹುದು.

ಈ ಪಾರ್ವೋ ಹಳೆಯ ಕಾಲದ ರೋಗವಲ್ಲ. 1978ರಲ್ಲಿ ಇದನ್ನು ಗುರುತಿಸಿದರು, ಕೆಲವೇ ವರ್ಷಗಳಲ್ಲಿ ಲೋಕವೆಲ್ಲ ಹರಡಿತು. ಇದರ ವೈರಾಣು ಕರುಳಿನ ಒಳಪದರವನ್ನು ಹಾಳುಮಾಡುತ್ತದೆ, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಕಡಿಮೆ ಮಾಡುತ್ತದೆ. ಮರಿ ಮೊದಲು ಮಂಕಾಗುತ್ತದೆ, ಅನ್ನ ಮುಟ್ಟುವುದಿಲ್ಲ. ಆಮೇಲೆ ವಾಂತಿ, ನಂತರ ರಕ್ತ ಬೆರೆತ ದುರ್ವಾಸನೆಯ ಭೇದಿ. ಮೈಯ ನೀರೆಲ್ಲ ಹೋಗಿ ಎರಡು ಮೂರು ದಿನಗಳಲ್ಲಿ ಸಾಯಬಹುದು. ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಮರಿಗಳು ಸಾಯುತ್ತವೆ, ಬೇಗನೆ ಚಿಕಿತ್ಸೆ ಸಿಕ್ಕರೆ ಬಹುಪಾಲು ಬದುಕುತ್ತವೆ. ಒಂದು ಹಗಲು ತಡಮಾಡುವುದರಲ್ಲೇ ಈ ವ್ಯತ್ಯಾಸವಿದೆ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ, ಮಕ್ಕಳ ವಿಷಯದಲ್ಲಿ ಆ ಭಯ ಬೇಡ.

ಎಲ್ಲ ಭೇದಿಯೂ ಪಾರ್ವೋ ಅಲ್ಲ. ಆಹಾರ ಒಮ್ಮೆಲೇ ಬದಲಾದರೆ, ದನದ ಹಾಲು ಹೆಚ್ಚಾದರೆ, ಜಂತುಹುಳ ಇದ್ದರೆ ಕೂಡ ಭೇದಿಯಾಗುತ್ತದೆ. ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು, ಆಮೇಲೆ ಮೈ ಅದುರುವುದು ಕಂಡರೆ ಅದು ಡಿಸ್ಟೆಂಪರ್ ಎಂಬ ಬೇರೆ ರೋಗವಿರಬಹುದು. ಒಸಡು ಬೆಳ್ಳಗಾಗಿ ಜ್ವರ ಬಂದರೆ ಉಣ್ಣೆಯಿಂದ ಬಂದ ರೋಗವಿರಬಹುದು. ಇವುಗಳನ್ನು ಬೇರ್ಪಡಿಸುವುದು ಡಾಕ್ಟರ ಕೆಲಸ. ಮಂಕು ಕವಿದ ಮರಿ ಎರಡು ಸಲ ವಾಂತಿ ಮಾಡಿದರೆ ಮರುದಿನ ನೋಡೋಣ ಎನ್ನದೆ ಹೊರಡುವುದು ನಮ್ಮ ಕೆಲಸ.

ತಾಯಂದಿರೇ, ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಮರಿಗೆ ಕೊಡಬೇಡಿ. ಮನುಷ್ಯರಿಗೆ ಒಗ್ಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಹುದು. ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಗಂಜಿಯನ್ನಾಗಲಿ ಎಣ್ಣೆಯನ್ನಾಗಲಿ ಬಲವಂತವಾಗಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಚ್ಚಗೆ ಸುತ್ತಿ ಕರೆದುಕೊಂಡು ಹೋಗುವುದೇ ಒಳ್ಳೆಯ ಮನೆಮದ್ದು.

ಎಲ್ಲಿಗೆ ಹೋಗುವುದು? ಹತ್ತಿರದ ಸರಕಾರಿ ಪಶು ಚಿಕಿತ್ಸಾಲಯಕ್ಕೆ ಮೊದಲು ಹೋಗಿ. ಈ ಭಾಗದವರಿಗೆ ಉದ್ಗೀರಿನಲ್ಲಿ ಪಶುವೈದ್ಯ ಕಾಲೇಜಿದೆ, ಗಡಿಯಾಚೆ ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುವೈದ್ಯರ ಸಹಾಯ ಕೇಳಬಹುದು. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಆದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಈಗ ಹಣದ ಮಾತು. ಗ್ಲೂಕೋಸ್ ಹಾಕಿ ದಿನಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಳ್ಳುವುದು ನಮ್ಮಂಥವರ ಕೈಗೆ ಎಟಕುವುದಿಲ್ಲ. ಆದರೆ ಬೇರೊಂದು ದಾರಿಯಿದೆ. ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು ಪಾರ್ವೋ ಬಂದ 40 ನಾಯಿಗಳ ಮೇಲೆ ನಡೆಸಿದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಮೊದಲು ಎಲ್ಲಕ್ಕೂ ರಕ್ತನಾಳದ ಮೂಲಕ ದ್ರವ ಕೊಟ್ಟರು. ಆಮೇಲೆ 20 ನಾಯಿಗಳಿಗೆ ಪೂರ್ತಿ ಒಳರೋಗಿ ಚಿಕಿತ್ಸೆ. ಉಳಿದ 20ಕ್ಕೆ ಹೊರರೋಗಿಗಳಿಗೆ ಕೊಡುವಂಥ ಸರಳ ಚಿಕಿತ್ಸೆ, ಅಂದರೆ ಚರ್ಮದಡಿ ದ್ರವ, ವಾಂತಿ ನಿಲ್ಲುವ ಚುಚ್ಚುಮದ್ದು ಮತ್ತು ದೀರ್ಘಕಾಲ ಕೆಲಸ ಮಾಡುವ ಆಂಟಿಬಯಾಟಿಕ್. ಮೊದಲಿನವುಗಳಲ್ಲಿ 18 ಬದುಕಿದವು, ಎರಡನೆಯವುಗಳಲ್ಲಿ 16. ಆದುದರಿಂದ ಡಾಕ್ಟರ ಮುಂದೆ ನಾಚಿಕೊಳ್ಳಬೇಡಿ. "ನಮ್ಮ ಹತ್ತಿರ ಇಷ್ಟೇ ಹಣ ಇದೆ ಸ್ವಾಮೀ, ಇಷ್ಟರಲ್ಲಿ ದಿನಾ ಬಂದು ಹೋಗುವ ಚಿಕಿತ್ಸೆ ಆದೀತೇ?" ಎಂದು ನೇರವಾಗಿ ಕೇಳಿ. ಬಡವನು ಬಾಯಿ ಬಿಟ್ಟು ಕೇಳದೆ ಹಿಂತಿರುಗಿದರೆ ಅವನಿಗೂ ನಷ್ಟ, ಮೂಕ ಪ್ರಾಣಿಗೂ ನಷ್ಟ.

ಇಷ್ಟಾದರೂ ಕೆಲವು ಮರಿಗಳು ಸಾಯುತ್ತವೆ. ಸಾಯಲಿರುವ ಮರಿಯನ್ನು ರಾತ್ರಿ ಹೊತ್ತು ರಸ್ತೆಗೆ ಬಿಟ್ಟು ಬರುವುದು ಬೇಡ. ಅದು ಕ್ರೌರ್ಯ ಮಾತ್ರವಲ್ಲ, ರೋಗವನ್ನು ಇಡೀ ಊರಿಗೆ ಹಂಚಿದಂತೆ. ಸತ್ತ ಮರಿಯನ್ನು ಬಾವಿಯಿಂದ ದೂರದಲ್ಲಿ ಆಳವಾಗಿ ಹೂಳಿರಿ. ಅದು ಮಲಗಿದ್ದ ಗೋಣಿಚೀಲ ಸುಟ್ಟುಬಿಡಿ. ಪಾರ್ವೋ ವೈರಾಣು ಸೋಪಿಗೆ ಜಗ್ಗುವುದಿಲ್ಲ, ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಸಿಮೆಂಟು ನೆಲವಾದರೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ತೊಳೆಯಬಹುದು. ಸಗಣಿ ಸಾರಿಸಿದ ಮಣ್ಣಿನ ನೆಲವಾದರೆ ಅದು ಸಾಧ್ಯವಿಲ್ಲ. ಅಂಥ ಮನೆಗೆ ಒಂದು ವರ್ಷದವರೆಗೆ ಲಸಿಕೆಯಾಗದ ಬೇರೆ ಮರಿಯನ್ನು ತರಬಾರದು. ಮಗುವಿಗೆ ಮರಿ ಓಡಿಹೋಯಿತೆಂದು ಸುಳ್ಳು ಹೇಳಬೇಡಿ. ನಿಜ ಹೇಳಿ, ಹೂಳುವಾಗ ಜೊತೆಗೆ ನಿಲ್ಲಿಸಿಕೊಳ್ಳಿ. ಅತ್ತು ಸಮಾಧಾನವಾದೀತು.

ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ತಡೆಯುವುದು ಅಗ್ಗ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಆಶ್ರಯಧಾಮದವರನ್ನು ನಾಲ್ಕು ಪ್ರಶ್ನೆ ಕೇಳಿ. ಲಸಿಕೆ ಚೀಟಿ ಎಲ್ಲಿ? ಜಂತುಹುಳದ ಔಷಧ ಯಾವಾಗ ಕೊಟ್ಟಿರಿ? ಜೊತೆಯ ಮರಿಗಳಲ್ಲಿ ಯಾವುದಾದರೂ ಕಾಯಿಲೆ ಬಿದ್ದಿದೆಯೇ? ಮೊದಲ ಎರಡು ವಾರದಲ್ಲಿ ಕಾಯಿಲೆಯಾದರೆ ನಿಮ್ಮ ಡಾಕ್ಟರು ನೋಡುವರೇ? ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಮೊದಲ ಲಸಿಕೆ 6ರಿಂದ 8ನೇ ವಾರದಲ್ಲಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ಆಗುವವರೆಗೆ ಮತ್ತೆ ಹಾಕಿಸಬೇಕು. ಒಂದೇ ಸಾಲದೇ ಎಂದು ಕೇಳುತ್ತೀರಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಆ ರಕ್ಷಣೆ ಯಾವ ದಿನ ಮುಗಿಯುತ್ತದೆಂದು ಹೊರಗಿನಿಂದ ತಿಳಿಯದು. ಅದಕ್ಕೇ ಪದೇ ಪದೇ ಹಾಕುವುದು. ಅದು ಮುಗಿಯುವ ತನಕ ಮರಿಯನ್ನು ಬೀದಿನಾಯಿಗಳು ತಿರುಗುವ ಕಡೆ ಬಿಡಬೇಡಿ.

ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ. ಇದರಲ್ಲಿ ಮಾತ್ರ ಉಳಿತಾಯ ಮಾಡಲೇಬಾರದು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಪುಟ್ಟ ಮರಿ ಕಚ್ಚಿದರೂ, ಉಗುರಿನಿಂದ ಗೀರಿದರೂ, ಅಲಕ್ಷ್ಯ ಬೇಡ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ 14 ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಿಂತು ಇಪ್ಪತ್ತು ವರ್ಷಗಳಾದವು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಗಾಯ ಆಳವಾಗಿದ್ದರೆ ಅದರ ಸುತ್ತ ಬೇರೊಂದು ಚುಚ್ಚುಮದ್ದೂ ಬೇಕಾಗುತ್ತದೆ. ಕೂಲಿ ತಪ್ಪುತ್ತದೆಂದು 28ನೇ ದಿನದ್ದನ್ನು ಬಿಡಬೇಡಿ.

ಇನ್ನು ಮೊದಲು ಹೇಳಿದ ಜವಾಬ್ದಾರಿಯ ಮಾತು. ಈ ಮರಾಠವಾಡದಿಂದ ಎಷ್ಟೋ ಕುಟುಂಬಗಳು ದಸರೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಟರೆ ಮರಳುವುದು ಬೇಸಿಗೆಗೆ. ಎಸ್ಟೇಟಿನವರೂ ಕೆಲಸ ಬಿಟ್ಟು ಲೈನು ಖಾಲಿ ಮಾಡಬೇಕಾಗುತ್ತದೆ. ಆಗ ನಾಯಿಯ ಗತಿಯೇನು? ಬಾಗಿಲಿಗೆ ಬೀಗ ಬಿದ್ದ ಮನೆಯ ನಾಯಿ ಎರಡು ತಿಂಗಳಲ್ಲಿ ಬೀದಿನಾಯಿಯಾಗುತ್ತದೆ, ಅದು ಕಚ್ಚುವುದು ಉಳಿದವರ ಮಕ್ಕಳನ್ನು. ಈ ಪ್ರಶ್ನೆಗೆ ಉತ್ತರವಿಲ್ಲದವರು ಮರಿ ತರದಿರುವುದೇ ಧರ್ಮ. ಮಗುವಿನ ಹಟಕ್ಕೆ ಇಲ್ಲವೆನ್ನುವುದೂ ಪ್ರೀತಿಯೇ.

ಉತ್ತರವಿರುವವರು ಒಬ್ಬೊಬ್ಬರೇ ಹೊರಬೇಕಾಗಿಲ್ಲ. ಸಂಘ ಕಟ್ಟಿದವರು ನಾವು. ಒಂದು ಲೈನಿನ ಹತ್ತು ಮನೆಯವರು ಬಟವಾಡೆಯ ದಿನ ಸ್ವಲ್ಪ ಸ್ವಲ್ಪ ಎತ್ತಿಟ್ಟರೆ ಲಸಿಕೆಯ ಖರ್ಚು ನಡೆಯುತ್ತದೆ. ಹತ್ತು ನಾಯಿಗಳಿವೆ ಎಂದು ಒಟ್ಟಾಗಿ ಅರ್ಜಿ ಬರೆದರೆ ಸರಕಾರಿ ಪಶುವೈದ್ಯರನ್ನು ಲೈನಿಗೇ ಕರೆಯಬಹುದು. ಅರ್ಜಿ ಬರೆಯಲು ನಾನಿದ್ದೇನೆ.

ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಸಾಲಿನಲ್ಲಿ ಎಷ್ಟು ನಾಯಿಗಳಿವೆ, ಯಾವುದಕ್ಕೆ ಲಸಿಕೆಯಾಗಿದೆ, ಯಾವುದಕ್ಕೆ ಇಲ್ಲ ಎಂದು ಒಂದು ಕಾಗದದಲ್ಲಿ ಬರೆದು ತನ್ನಿ. ಓದು ಬಾರದವರು ಮಕ್ಕಳ ಕೈಯಲ್ಲಿ ಬರೆಸಿರಿ. ಆ ಪಟ್ಟಿಯಿಂದಲೇ ಕೆಲಸ ಆರಂಭಿಸೋಣ.